ಮೇಜಿನ ಗಣಕವೂ ಮಡಿಲ ಗಣಕವೂ

(ಶಾಲೆಯ ವಾರ್ಷಿಕ ಸಭೆಯಲ್ಲಿ ಪೋಷಕರನ್ನೂ ವಿದ್ಯಾರ್ಥಿಗಳನ್ನೂ ಕುರಿತು ಮಾಡಿದ ಭಾಷಣ)



ಈ ದಿನ ನಾವು ತಮ್ಮೆದುರಿಗೆ ಎತ್ತಿಕೊಂಡಿರುವ ವಿಷಯವು ಮೇಲ್ನೋಟಕ್ಕೆ ಬಹು ಚಿಕ್ಕದು. ವಿದ್ಯಾರ್ಥಿಯ ಕೈಚೀಲದಲ್ಲಿ ಹಿಡಿಯುವ ಲ್ಯಾಪ್‌ಟಾಪು, ಮೇಜಿನ ಮೇಲೆ ಕೂಡಿಸುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಸ್ಥಾನವನ್ನು ತುಂಬಬಲ್ಲುದೆ ಎಂಬುದೇ ಆ ಪ್ರಶ್ನೆ. ಪಟ್ಟಣದ ಅಂಗಡಿಯವನನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಹೇಳಿಯಾನು. ಅವನ ಬಳಿ ಯಾವುದರ ದಾಸ್ತಾನು ಹೆಚ್ಚಾಗಿದೆಯೋ ಅದರ ಪಕ್ಷವನ್ನೇ ಹಿಡಿದು ಹೇಳಿಯಾನು. ಆದರೆ ನಮ್ಮ ಡಿ. ಹಿರೇಹಾಳಿನಂಥ ಊರಿನಲ್ಲಿ, ಶೇಂಗಾ ಕೈಗೆ ಹತ್ತಿದ ವರ್ಷ ನಾಲ್ಕು ಕಾಸು ಕಂಡು, ಮಳೆ ಕೈಕೊಟ್ಟ ವರ್ಷ ಕಿವಿಯೋಲೆಯನ್ನು ಒತ್ತೆಯಿಡುವ ಮನೆಗಳಲ್ಲಿ, ಇದು ಅರ್ಧ ನಿಮಿಷದಲ್ಲಿ ತೀರುವ ಮಾತಲ್ಲ. ಮೂವತ್ತೈದು ನಲವತ್ತು ಸಾವಿರ ರೂಪಾಯಿ ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಲು ಎಷ್ಟು ಕಾಲ ಬೇಕೆಂಬುದನ್ನು ಇಲ್ಲಿ ಕುಳಿತಿರುವ ತಂದೆತಾಯಿಗಳು ನಮಗಿಂತ ಚೆನ್ನಾಗಿ ಬಲ್ಲರು.

ಈ ಶಾಲೆಯನ್ನು ಪೋಷಿಸಿಕೊಂಡು ಬಂದಿರುವ ಸಂಘವೂ ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಎದುರಿಸಬೇಕಾಗಿದೆ. ದಾನಿಗಳು ನಂಬಿಕೆಯಿಟ್ಟು ಕೊಡುವ ಹಣದಲ್ಲಿ, ಹೆಚ್ಚು ಅಂಕ ಪಡೆದ ಕೆಲವರಿಗೆ ಒಂದೊಂದು ಲ್ಯಾಪ್‌ಟಾಪನ್ನು ಬಹುಮಾನವಾಗಿ ಕೊಡುವುದು ಮೇಲೋ, ಎಲ್ಲರಿಗೂ ಸಲ್ಲುವಂತೆ ಒಂದು ಕೊಠಡಿಯಲ್ಲಿ ಕೆಲವು ಡೆಸ್ಕ್‌ಟಾಪುಗಳನ್ನು ಇಡುವುದು ಮೇಲೋ? ಬಹುಮಾನ ಕೊಡುವ ಚಿತ್ರ ಪತ್ರಿಕೆಯಲ್ಲಿ ಅಂದವಾಗಿ ಬರುತ್ತದೆ, ನಿಜ. ಆದರೂ ಯೋಚಿಸಿ ನೋಡತಕ್ಕ ಮಾತು.

ಮೊದಲು ನಮ್ಮ ಮಕ್ಕಳ ದಾರಿಯನ್ನು ಸ್ವಲ್ಪ ನೋಡೋಣ. ೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಸೇರಿತು. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. ಗಡಿ ಬಂದುದರಿಂದ ಬಳ್ಳಾರಿಯೇನೂ ದೂರ ಹೋಗಲಿಲ್ಲ. ಸಂತೆಗೂ ಆಸ್ಪತ್ರೆಗೂ ಬೀಗರ ಮನೆಗೂ ನಾವು ಅಲ್ಲಿಗೇ ಹೋಗುತ್ತೇವೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಕೆಲವರು ಬಳ್ಳಾರಿಗೆ, ಕೆಲವರು ರಾಯದುರ್ಗಕ್ಕೆ, ಕೆಲವರು ಅನಂತಪುರಕ್ಕೆ ಓದಲು ಹೊರಡುತ್ತಾರೆ. ೨೦೨೨ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಕಡೆಯ ಕನ್ನಡದ ಮಕ್ಕಳೂ ಹೀಗೆಯೇ ಗಡಿಯ ಆಚೆ ಈಚೆ ಓಡಾಡಿ ಓದತಕ್ಕವರು. ಅಂದರೆ ನಮ್ಮ ಮಕ್ಕಳು ಹದಿನಾರನೆಯ ವಯಸ್ಸಿನಲ್ಲಿ ಮನೆಯ ಮೇಜನ್ನು ಬಿಟ್ಟು ವಿದ್ಯಾರ್ಥಿನಿಲಯದ ಮೂಲೆಯೊಂದನ್ನು ಹಿಡಿಯುವವರು. ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ವಿಚಾರಿಸಬೇಕು.

ರಾಯದುರ್ಗದಲ್ಲಿಯೂ ಬಳ್ಳಾರಿಯಲ್ಲಿಯೂ ಜೀನ್ಸ್ ಹೊಲಿಯುವ ಮನೆಗಳನ್ನು ತಾವು ಕಂಡಿದ್ದೀರಿ. ಅಲ್ಲಿ ಮೇಜಿಗೆ ಬಿಗಿದ, ಮೋಟಾರು ಹಾಕಿದ ಯಂತ್ರವಿರುತ್ತದೆ. ಕೈಯಿಂದ ತಿರುಗಿಸುವ ಚಿಕ್ಕ ಯಂತ್ರವೂ ಬಟ್ಟೆಯನ್ನೇ ಹೊಲಿಯುತ್ತದೆ. ಕಂಕುಳಲ್ಲಿ ಇರಿಸಿಕೊಂಡು ಇನ್ನೊಂದು ಊರಿಗೂ ಒಯ್ಯಬಹುದು. ರವಿಕೆ ಹೊಲಿಯುವವರಿಗೆ ಚಿಕ್ಕದೇ ಸಾಕು. ದಪ್ಪ ಬಟ್ಟೆಯನ್ನು ಬೆಳಗಿನಿಂದ ಸಂಜೆಯವರೆಗೆ ಹೊಲಿಯತಕ್ಕವರು ಅದನ್ನು ನಂಬಿ ಕುಳಿತರೆ ಯಂತ್ರವೂ ಬಳಲುತ್ತದೆ, ಬೆನ್ನೂ ಬಳಲುತ್ತದೆ. ಲ್ಯಾಪ್‌ಟಾಪಿಗೂ ಡೆಸ್ಕ್‌ಟಾಪಿಗೂ ಇರುವ ಭೇದವು ಬಹುಮಟ್ಟಿಗೆ ಇಂಥದೇ. ಎರಡರ ಒಳಗೂ ಇರುವುದು ಒಂದೇ ಜಾತಿಯ ಗಣಕ. ಭೇದವಿರುವುದು ಅದನ್ನು ಕೂಡಿಸಿದ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಗೆ ದೊರೆಯುವ ಗಾಳಿಯಲ್ಲಿ ಮತ್ತು ಅದರ ಮುಂದೆ ಕುಳಿತುಕೊಳ್ಳುವವರ ಭಂಗಿಯಲ್ಲಿ.

ಈ ಹೊತ್ತುಕೊಂಡು ಹೋಗುವ ಆಸೆ ಹೊಸದಲ್ಲ. ಐಬಿಎಂ ಕಂಪನಿಯ ಹೆಸರಾಂತ ಮೇಜಿನ ಕಂಪ್ಯೂಟರು ಹೊರಬಂದ ೧೯೮೧ರಲ್ಲಿಯೇ ಆಸ್ಬರ್ನ್ ಎಂಬ ಹೊರೆಯಂತ್ರವೂ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದಿತು. ಅದರ ತೂಕ ಸುಮಾರು ೧೧ ಕಿಲೋ. ಪರದೆ ೫ ಅಂಗುಲ. ಹೆಗಲ ಮೇಲೆ ಹೊತ್ತವನಿಗೆ ಅದು ಜೋಳದ ಚೀಲದಂತೆಯೇ ತೋರಿರಬೇಕು. ನಮ್ಮ ದೇಶದ ಆಯ್ದ ಶಾಲೆಗಳಿಗೆ ೧೯೮೪ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಯಂತ್ರಗಳು ಮೇಜಿನ ಮೇಲೆಯೇ ಕೂಡತಕ್ಕವು. ಅನಂತರದ ಕಾಲು ಶತಮಾನದಲ್ಲಿ ಹೊರೆಯಂತ್ರವು ಇಳಿಯುತ್ತ ಇಳಿಯುತ್ತ ಒಂದೂವರೆ ಎರಡು ಕಿಲೋಗೆ ಬಂದು, ೨೦೦೮ರ ವೇಳೆಗೆ ಲೋಕದಲ್ಲಿ ಮೇಜಿನ ಯಂತ್ರಗಳಿಗಿಂತ ಹೆಚ್ಚು ಲ್ಯಾಪ್‌ಟಾಪುಗಳು ಮಾರಾಟವಾಗತೊಡಗಿದವು. ಮಾರಾಟದ ಲೆಕ್ಕದಲ್ಲಿ ಪ್ರಶ್ನೆ ಅಂದೇ ತೀರಿಹೋಯಿತು. ಬಳಕೆಯ ಲೆಕ್ಕದಲ್ಲಿ ತೀರಿಲ್ಲ.

ಈಗ ಯಂತ್ರದ ಒಡಲನ್ನು ನೋಡೋಣ. ಗಣಕಕ್ಕೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಸಾಧಾರಣ ಲ್ಯಾಪ್‌ಟಾಪಿನ ಮುಖ್ಯ ಚಿಪ್ಪನ್ನು ೧೫ ವ್ಯಾಟಿಗೋ ೨೮ ವ್ಯಾಟಿಗೋ, ದುಬಾರಿಯ ಯಂತ್ರವಾದರೆ ೪೫ ವ್ಯಾಟಿಗೋ ಅಳವಡಿಸಿರುತ್ತಾರೆ. ಮೇಜಿನ ಯಂತ್ರದ ಸಾಮಾನ್ಯ ಚಿಪ್ಪಿಗೆ ೬೫ ವ್ಯಾಟು. ಹೆಸರು ಒಂದೇ ಇರಬಹುದು. ಐ೫ ಎಂದೋ ರೈಜನ್ ೫ ಎಂದೋ ಎರಡರ ಮೇಲೂ ಚೀಟಿ ಅಂಟಿಸಿರಬಹುದು. ಆದರೆ ಒಂದಕ್ಕೆ ಅಗಲವಾದ ಪೆಟ್ಟಿಗೆ, ದೊಡ್ಡ ಫ್ಯಾನು. ಇನ್ನೊಂದಕ್ಕೆ ಬೆರಳು ದಪ್ಪದ ಒಡಲು, ಅದರೊಳಗೆ ಕಾಸಗಲದ ಫ್ಯಾನು. ಐದು ಹತ್ತು ನಿಮಿಷದ ಕೆಲಸದಲ್ಲಿ ಎರಡಕ್ಕೂ ಭೇದ ಕಾಣದು. ಒಂದು ಗಂಟೆ ಬಿಡದೆ ದುಡಿಸಿದರೆ ಲ್ಯಾಪ್‌ಟಾಪು ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದು ಯಂತ್ರದ ದೋಷವೆಂದು ತಿಳಿಯಬಾರದು; ಸುಟ್ಟುಹೋಗದಂತೆ ಅದು ತನ್ನನ್ನು ಕಾಪಾಡಿಕೊಳ್ಳುವ ಬಗೆ.

ಇದನ್ನು ಇಷ್ಟು ವಿವರಿಸುವುದಕ್ಕೆ ನಮ್ಮ ಸೀಮೆಯ ಬಿಸಿಲೇ ಕಾರಣ. ಬಹುತೇಕ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ, ಸುತ್ತಣ ಗಾಳಿಯು ೩೫ ಡಿಗ್ರಿಯೊಳಗೆ ಇರಬೇಕೆಂದು ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ತಗಡಿನ ಮಾಡಿನ ಕೆಳಗಿನ ಸೆಖೆಯ ಮಾತು ಹೇಳಬೇಕಾದುದಿಲ್ಲ. ಇದರ ಮೇಲೆ ಧೂಳು. ಓಬಳಾಪುರದ ಕಡೆಯ ಕಬ್ಬಿಣದ ಅದಿರಿನ ಕೆಂಪು ಧೂಳು ಏನೆಂಬುದು ಈ ಮಂಡಲದವರಿಗೆ ತಿಳಿಯದುದೇನಲ್ಲ. ಡೆಸ್ಕ್‌ಟಾಪಿನ ಪಕ್ಕದ ಹಲಗೆಯನ್ನು ಎರಡು ತಿರುಪು ಬಿಚ್ಚಿ ತೆಗೆದು, ವಿದ್ಯುತ್ತನ್ನು ಕಳಚಿದ ಮೇಲೆ, ಮೆತ್ತನೆಯ ಕುಂಚದಿಂದ ಒಂಬತ್ತನೆಯ ತರಗತಿಯ ಹುಡುಗಿಯೇ ಧೂಳು ಕೊಡವಬಲ್ಲಳು. ಲ್ಯಾಪ್‌ಟಾಪಿನ ಹೊಟ್ಟೆಯನ್ನು ಬಿಚ್ಚುವುದು ಅಷ್ಟು ಸುಲಭವಲ್ಲ. ಅದನ್ನು ಹಾಸಿಗೆಯ ಮೇಲೋ ಕೌದಿಯ ಮೇಲೋ ಇಟ್ಟು ಕೆಲಸ ಮಾಡುವ ಮಕ್ಕಳುಂಟು. ಗಾಳಿ ಎಳೆದುಕೊಳ್ಳುವ ಕಿಂಡಿಗಳು ಬಹುಶಃ ಕೆಳಗಡೆಯೇ ಇರುವುದರಿಂದ, ಅದು ಯಂತ್ರದ ಮೂಗನ್ನು ಮುಚ್ಚಿ ಓಡಿಸಿದಂತೆ.

ಹೀಗೆಂದು ಡೆಸ್ಕ್‌ಟಾಪಿಗೇ ಜಯವೆಂದು ತೀರ್ಮಾನಿಸಬೇಡಿ. ಅದರ ದೊಡ್ಡ ಶತ್ರು ಕರೆಂಟು ಹೋಗುವುದು. ಪರದೆಯೂ ಸೇರಿ ಸಾಧಾರಣ ಮೇಜಿನ ಯಂತ್ರವು ಸುಮಾರು ೧೨೦ ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ೧೪ ಯೂನಿಟ್ಟಿಗೂ ಮಿಗಿಲಾಯಿತು. ೩೦ ವ್ಯಾಟಿನ ಲ್ಯಾಪ್‌ಟಾಪಿಗೆ ಅದೇ ಲೆಕ್ಕದಲ್ಲಿ ೪ ಯೂನಿಟ್ಟೂ ಆಗದು. ಅಲ್ಲದೆ ಕರೆಂಟು ಹೋದರೆ ಮೇಜಿನ ಯಂತ್ರವು ತಟಕ್ಕನೆ ನಿಂತು, ಉಳಿಸಿಕೊಳ್ಳದಿದ್ದ ಬರಹವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಚಿಕ್ಕ ಯುಪಿಎಸ್ ಇದ್ದರೆ ಹತ್ತು ಹದಿನೈದು ನಿಮಿಷ ತಡೆದೀತು. ಬರೆದುದನ್ನು ಉಳಿಸಿ ಮುಚ್ಚುವುದಕ್ಕೆ ಅಷ್ಟು ಸಾಕು, ಮುಂದುವರಿಸುವುದಕ್ಕೆ ಸಾಲದು. ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲೆ ಮೂರು ನಾಲ್ಕು ಗಂಟೆ ನಡೆಯುತ್ತದೆ. ಬ್ಯಾಟರಿಯೂ ಅಮರವಲ್ಲ. ಲಿಥಿಯಂ ಬ್ಯಾಟರಿಗಳು ಸೆಖೆಯಲ್ಲಿ ಬೇಗ ಮುಪ್ಪಾಗುತ್ತವೆ. ನೂರಕ್ಕೆ ನೂರು ತುಂಬಿಸಿ ಸದಾ ತಂತಿಗೆ ಕಟ್ಟಿಟ್ಟರೂ ಮುಪ್ಪಾಗುತ್ತವೆ. ಎಂಬತ್ತರ ಹತ್ತಿರ ತುಂಬುವುದನ್ನು ನಿಲ್ಲಿಸುವ ಅನುಕೂಲವು ಈಗಿನ ಹಲವು ಯಂತ್ರಗಳಲ್ಲಿದೆ. ಅದನ್ನು ಬಳಸಿಕೊಳ್ಳುವುದು ಜಾಣತನ.

ಇನ್ನು ಕಣ್ಣು, ಕತ್ತು, ಬೆನ್ನುಗಳ ಮಾತು. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯೂ ಪರದೆಯೂ ಒಂದೇ ಕೀಲಿನಿಂದ ಕೂಡಿರುವುದರಿಂದ, ಕೈಗೆ ಹಿತವಾಗಿಟ್ಟರೆ ಕಣ್ಣು ಕೆಳಗೆ ಬಾಗಬೇಕು, ಕಣ್ಣಿಗೆ ಹಿತವಾಗಿಟ್ಟರೆ ಕೈ ಮೇಲೇಳಬೇಕು. ಎರಡನ್ನೂ ಒಮ್ಮೆಗೇ ಸರಿಪಡಿಸಲಾಗದು. ಪರದೆಯ ಮೇಲಂಚು ಕಣ್ಣಿನ ಮಟ್ಟದ ಹತ್ತಿರವಿದ್ದು, ಪರದೆಯು ಒಂದು ತೋಳಿನಷ್ಟು ದೂರದಲ್ಲಿರಬೇಕೆಂದು ಬಲ್ಲವರು ಹೇಳುತ್ತಾರೆ. ಮೇಜಿನ ಯಂತ್ರದಲ್ಲಿ ಇದು ಸಹಜವಾಗಿಯೇ ಒದಗುತ್ತದೆ. ಪರದೆಯ ವಿಸ್ತಾರವನ್ನೂ ನೋಡಿ. ೧೫.೬ ಅಂಗುಲದ ಲ್ಯಾಪ್‌ಟಾಪಿನ ಪರದೆಯ ಕ್ಷೇತ್ರಫಲ ಸುಮಾರು ೧೦೪ ಚದರಂಗುಲ, ೨೧.೫ ಅಂಗುಲದ ಮೇಜಿನ ಪರದೆಯದು ಸುಮಾರು ೧೯೭. ಅಳತೆಯ ಸಂಖ್ಯೆಗಳು ಆರೇ ಅಂಗುಲ ಬೇರೆಯಾದರೂ ಜಾಗವು ಹತ್ತಿರ ಹತ್ತಿರ ಇಮ್ಮಡಿ! ಹತ್ತನೆಯ ತರಗತಿಯವರು ಕರ್ಣದಿಂದ ಕ್ಷೇತ್ರಫಲವನ್ನು ತೆಗೆದು ಈ ಲೆಕ್ಕವನ್ನು ಪರೀಕ್ಷಿಸಿ ನೋಡಬಹುದು. ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ೧೬ಕ್ಕೆ ೯. ಕನ್ನಡ ಓದುವವರಿಗೆ ಈ ಜಾಗದ ಬೆಲೆ ಇನ್ನಷ್ಟು ಹೆಚ್ಚು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿಗೂ ಸಾಲಿಗೂ ನಡುವೆ ಹೆಚ್ಚು ತೆರಪು ಬೇಕು. ಇಂಗ್ಲಿಷಿನ ಮೂವತ್ತು ಸಾಲು ಹಿಡಿಯುವ ಕಡೆ ನಮ್ಮವು ಇಪ್ಪತ್ತೋ ಇಪ್ಪತ್ತೆರಡೋ ಹಿಡಿದಾವು.

ಆದರೆ ಇಲ್ಲೊಂದು ಸುಲಭೋಪಾಯ ಉಂಟು. ಲ್ಯಾಪ್‌ಟಾಪಿಗೆ ಬೇರೊಂದು ಕೀಲಿಮಣೆಯನ್ನೂ ಮೌಸನ್ನೂ ಸಿಕ್ಕಿಸಿ, ಯಂತ್ರದ ಕೆಳಗೆ ನಾಲ್ಕು ಹಳೆಯ ಪುಸ್ತಕಗಳನ್ನಿಟ್ಟು ಎತ್ತರಿಸಿದರೆ, ಕತ್ತಿನ ತೊಂದರೆ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಹಣವಿದ್ದರೆ ಎಚ್‌ಡಿಎಂಐ ತಂತಿಯಿಂದ ದೊಡ್ಡ ಪರದೆಗೂ, ಮನೆಯ ಟಿವಿಗೂ ಕೂಡ, ಜೋಡಿಸಬಹುದು. ಹೀಗೆ ಲ್ಯಾಪ್‌ಟಾಪು ಮನೆಯಲ್ಲಿ ಡೆಸ್ಕ್‌ಟಾಪಾಗಿ, ವಿದ್ಯಾರ್ಥಿನಿಲಯದಲ್ಲಿ ಲ್ಯಾಪ್‌ಟಾಪಾಗಿ ಎರಡು ಜನ್ಮವನ್ನೆತ್ತುತ್ತದೆ. ಡೆಸ್ಕ್‌ಟಾಪನ್ನು ಹೊತ್ತುಕೊಂಡು ಬಳ್ಳಾರಿಯ ಬಸ್ಸು ಹತ್ತುವುದಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ.

ರಿಪೇರಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಡೆಸ್ಕ್‌ಟಾಪು ಎತ್ತಿನ ಗಾಡಿಯಿದ್ದಂತೆ. ಗಾಲಿ ಮುರಿದರೆ ಗಾಲಿ, ಅಚ್ಚು ಮುರಿದರೆ ಅಚ್ಚು. ಕೀಲಿಮಣೆ ಕೆಟ್ಟರೆ ಕೆಲವೇ ನೂರು ರೂಪಾಯಿಗೆ ಹೊಸದು ಬಂದಿತು. ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಒಂದು ಲೋಟ ಚಹ ಚೆಲ್ಲಿದರೆ ಅದು ಕೀಲಿಮಣೆಗೆ ಮಾತ್ರ ಬಂದ ಕೇಡಾಗಿ ನಿಲ್ಲದು. ಹೊಸ ತೆಳುಯಂತ್ರಗಳಲ್ಲಿ ಹಲವಕ್ಕೆ ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ. ಮುಂದೆ ಹೆಚ್ಚಿಸಲು ಬಾರದು. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳತಕ್ಕದ್ದು.

ಕನ್ನಡದಲ್ಲಿ ಬರೆಯುವ ಮಕ್ಕಳಿಗೆ ಯಾವ ಯಂತ್ರ ಅನುಕೂಲ ಎಂದು ಕೇಳುವವರುಂಟು. ಈ ಒಂದು ವಿಷಯದಲ್ಲಿ ಎರಡಕ್ಕೂ ಎಳ್ಳಷ್ಟೂ ಭೇದವಿಲ್ಲ. ಕೆ. ಪಿ. ರಾಯರು ಕನ್ನಡದ ಸ್ವರ ವ್ಯಂಜನಗಳ ತರ್ಕವನ್ನೇ ಆಧರಿಸಿ, ಇಂಗ್ಲಿಷ್ ಕೀಲಿಮಣೆಯ ೨೬ ಅಕ್ಷರಗಳ ಕೀಲಿಗಳಲ್ಲಿಯೇ ಇಡೀ ಕನ್ನಡವನ್ನು ಅಡಗಿಸಿದರು. ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಿಂದ ಅದು ಊರೂರಿಗೆ ಹಬ್ಬಿತು. ಶೇಷಾದ್ರಿ ವಾಸು ಅವರ 'ಬರಹ' ಬಂದುದು ೧೯೯೮ರಲ್ಲಿ. ಕೀಲಿಗಳ ಮೇಲೆ ಕನ್ನಡವನ್ನು ಅಚ್ಚುಹಾಕಿದ ಲ್ಯಾಪ್‌ಟಾಪು ಅಂಗಡಿಯಲ್ಲಿ ಸಿಗಲಿಲ್ಲವೆಂದು ಯಾರೂ ಕೈಚೆಲ್ಲಬೇಕಾದುದಿಲ್ಲ; ಹದಿನೈದು ದಿನ ಬೆರಳು ಪಳಗಿದರೆ ಅಚ್ಚಿನ ಅಗತ್ಯವೇ ತೋರದು. ಬೇರೊಂದು ತೊಡಕಿದೆ, ಅದನ್ನು ತಿಳಿದಿರಬೇಕು. ಹಿಂದಿನ ಕಾಲದ ಕನ್ನಡ ಕಡತಗಳು ಒಂದೊಂದು ಅಕ್ಷರಶೈಲಿಗೆ ಅಂಟಿಕೊಂಡಿದ್ದವು. ಅಂಗಡಿಯ ಡೆಸ್ಕ್‌ಟಾಪಿನಲ್ಲಿ ಚೆಲುವಾಗಿ ಕಂಡ ಪ್ರಬಂಧವು ಮನೆಯ ಲ್ಯಾಪ್‌ಟಾಪಿಗೆ ಬಂದೊಡನೆ ಅರ್ಥವಿಲ್ಲದ ಗೀಚಾಗಿ ಕಂಡು ಮಕ್ಕಳು ಅಳುವಂತಾಗುತ್ತಿತ್ತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿದೆ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಮೇಜಿನ ಯಂತ್ರದಿಂದ ಮಡಿಲ ಯಂತ್ರಕ್ಕೆ, ಅಲ್ಲಿಂದ ಮೊಬೈಲಿಗೆ ಎಲ್ಲಿಗೊಯ್ದರೂ ಅದು ಕನ್ನಡವಾಗಿಯೇ ಉಳಿಯುತ್ತದೆ. ಎರಡು ಯಂತ್ರಗಳ ನಡುವೆ ಓಡಾಡಿ ಓದುವ ವಿದ್ಯಾರ್ಥಿಗೆ ಇದು ಮೊದಲ ಪಾಠ.

ಇಷ್ಟು ಹೊತ್ತು ಯಂತ್ರವನ್ನು ಅಳೆದೆವು. ಆದರೆ ನಮ್ಮ ಎಣಿಕೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ, ಆ ಯಂತ್ರ ಯಾರ ಪಾಲಿಗೆ ಎಂಬುದು. ಮೇಜಿನ ಯಂತ್ರವು ಪಡಸಾಲೆಯಲ್ಲಿ ಕುಳಿತಿರುತ್ತದೆ. ಅಣ್ಣನು ಎದ್ದ ಮೇಲೆ ತಂಗಿಯು ಕೂಡುತ್ತಾಳೆ. ತಂಗಿಯು ಎದ್ದ ಮೇಲೆ ತಂದೆಯು ಮೀಭೂಮಿಯಲ್ಲಿ ತನ್ನ ಹೊಲದ ಅಡಂಗಲನ್ನು ತೆಗೆದು ನೋಡುತ್ತಾನೆ. ಲ್ಯಾಪ್‌ಟಾಪಿನ ಹಣೆಬರಹ ಬೇರೆ. ಅದು ಹಿರಿಯ ಮಗನ ಹೆಸರಿನಲ್ಲಿ ಬರುತ್ತದೆ. ಅವನು ಕಾಲೇಜಿಗೆ ಹೊರಟ ದಿನ ಅವನ ಹೆಗಲೇರಿ ಹೊರಡುತ್ತದೆ. ಮನೆಯಲ್ಲಿ ಉಳಿದ ಒಂಬತ್ತನೆಯ ತರಗತಿಯ ಹುಡುಗಿಗೆ, ತಾಯಿಯ ಅಡುಗೆಕೆಲಸ ಮುಗಿದ ಮೇಲೆ ಸಿಗುವ ಒಂದು ಮೊಬೈಲೇ ಗತಿ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಒಂದು ಮನೆಗೆ ಒಂದು ಮೊಬೈಲು, ಅದಕ್ಕೆ ಮೂವರು ಮಕ್ಕಳು ಎಂಬ ಸ್ಥಿತಿಯನ್ನು ನಾವೆಲ್ಲ ಕಂಡೆವು. ಮೊಬೈಲಿನಲ್ಲಿ ಪಾಠವನ್ನು ನೋಡಬಹುದು. ಎರಡು ಪುಟದ ಪ್ರಬಂಧವನ್ನು ಬರೆದು ತಿದ್ದುವುದು, ಲೆಕ್ಕದ ಕೋಷ್ಟಕವನ್ನು ಕಟ್ಟುವುದು ಬಹು ಪ್ರಯಾಸ. ೨೦೨೨ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರವು ಎಂಟನೆಯ ತರಗತಿಯವರಿಗೆ ಟ್ಯಾಬುಗಳನ್ನು ಹಂಚಿತು. ನೋಡುವ ಕಣ್ಣಿಗೆ ಅವೂ ಒಳ್ಳೆಯವೇ; ಬರೆಯುವ ಕೈಗೆ ಸಾಲವು. ಆದುದರಿಂದ ಮನೆಗೆ ಒಂದೇ ಯಂತ್ರ ಬರುವುದಾದರೆ, ಮಗನಿಗೋ ಮನೆಗೋ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತಂದೆತಾಯಿಗಳು ಕುಳಿತು ಮಾತನಾಡಿಕೊಳ್ಳಬೇಕು. ಹುಡುಗಿಯರನ್ನೂ ಆ ಮಾತಿಗೆ ಕರೆದುಕೊಳ್ಳಬೇಕು.

ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಟ್ಟುಬಿಟ್ಟರೆ ವಿದ್ಯೆ ತಾನಾಗಿ ಬಂದೀತೆಂದು ನಂಬಿದ ದೇಶಗಳೂ ಉಂಟು. ದಕ್ಷಿಣ ಅಮೆರಿಕೆಯ ಪೆರು ದೇಶವು ಶಾಲಾಮಕ್ಕಳಿಗಾಗಿ ಎಂಟು ಲಕ್ಷಕ್ಕೂ ಮೀರಿದ ಚಿಕ್ಕ ಲ್ಯಾಪ್‌ಟಾಪುಗಳನ್ನು ಕೊಂಡಿತು. ಅಲ್ಲಿಯ ೩೧೯ ಹಳ್ಳಿಶಾಲೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ಸಾಮಾನ್ಯ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಮಕ್ಕಳು ಸ್ವಲ್ಪ ಮುಂದಾಗಿದ್ದರು. ಗಣಿತದಲ್ಲಿಯೂ ಭಾಷೆಯಲ್ಲಿಯೂ ಹೆಚ್ಚಳವೇನೂ ಕಾಣಲಿಲ್ಲ. ನಮ್ಮ ನೆರೆಯ ತಮಿಳುನಾಡಿನಲ್ಲಿ ೨೦೧೧ರಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಹಿರಿಯ ತರಗತಿಯವರಿಗೆ ಉಚಿತ ಲ್ಯಾಪ್‌ಟಾಪು ಹಂಚುವ ಯೋಜನೆ ನಡೆಯಿತು. ಕಾಲೇಜಿನ ಹೊಸ್ತಿಲಲ್ಲಿ ನಿಂತ ಮಕ್ಕಳಿಗೆ ಕೊಟ್ಟುದರಿಂದ ಅದಕ್ಕೆ ಹೆಚ್ಚಿನ ಅರ್ಥವಿತ್ತೆಂದು ನಮ್ಮ ಅಭಿಪ್ರಾಯ.

ಶಾಲೆಯ ಮಟ್ಟದಲ್ಲಿ ನಾವು ಕಣ್ಣಿಟ್ಟು ನೋಡತಕ್ಕುದು ಕಾಸರಗೋಡನ್ನು. ಅಲ್ಲಿಯ ಕನ್ನಡಿಗರೂ ನಮ್ಮಂತೆಯೇ ಗಡಿಯ ಆಚೆ ಉಳಿದವರು. ಕೇರಳ ಸರ್ಕಾರವು ೨೦೦೧ರ ಹೊತ್ತಿಗೆ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ, ಗಣಕದ ಪಾಠವನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸದೆ, ಶಾಲೆಯ ಉಪಾಧ್ಯಾಯರಿಗೇ ಕಲಿಸಿದರು. ಗಣಿತ ಹೇಳುವವರೂ ಸಮಾಜಶಾಸ್ತ್ರ ಹೇಳುವವರೂ ಯಂತ್ರವನ್ನು ನಡೆಸಬಲ್ಲವರಾದರು. ಬೆಲೆಕೊಟ್ಟು ಕೊಳ್ಳುವ ತಂತ್ರಾಂಶಗಳ ಬದಲು ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಬಳಸಿದರು. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕವು ಕನ್ನಡದಲ್ಲಿಯೇ ಉಂಟು. ೨೦೧೮ರಲ್ಲಿ ಎಂಟರಿಂದ ಹನ್ನೆರಡರವರೆಗಿನ ೪೫,೦೦೦ ತರಗತಿಯ ಕೊಠಡಿಗಳಿಗೆ ಲ್ಯಾಪ್‌ಟಾಪನ್ನೂ ಪ್ರೊಜೆಕ್ಟರನ್ನೂ ಒದಗಿಸುವ ಕಾರ್ಯ ನಡೆಯಿತು. ಗಮನಿಸಿ: ಆ ಲ್ಯಾಪ್‌ಟಾಪು ತರಗತಿಯ ಸ್ವತ್ತು, ಉಪಾಧ್ಯಾಯರ ಕೈಯ ಸಾಧನ. ಕರ್ನಾಟಕದಲ್ಲಿ ೨೦೦೧ರ ಸುಮಾರಿಗೆ 'ಮಾಹಿತಿ ಸಿಂಧು' ಎಂಬ ಯೋಜನೆಯಿಂದ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದವು. ಅಲ್ಲಿ ಪಾಠವನ್ನು ಹೊರಗಿನ ಸಂಸ್ಥೆಗಳ ಕೈಗೆ ಕೊಟ್ಟರು. ಕಲಿಸುವವರು ಅವಧಿ ಮುಗಿದು ಹೊರಟುಹೋದರೆ ಉಳಿಯುವುದು ಪೆಟ್ಟಿಗೆ ಮಾತ್ರ. ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಎಂದು ಚರ್ಚಿಸುವ ಸಮಿತಿಗಳು ಈ ಎರಡು ರಾಜ್ಯಗಳ ಅನುಭವವನ್ನು ಮೊದಲು ತೂಗಿ ನೋಡುವುದು ಲೇಸು.

ಬೆಂಗಳೂರಿನಲ್ಲಿಯೇ ಒಂದು ಸೊಗಸಾದ ಯೋಚನೆ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಉದ್ಯಮಿಗಳೊಡನೆ ಕೂಡಿ ೨೦೦೧ರ ಹೊತ್ತಿಗೆ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ಇಡೀ ಹಳ್ಳಿಗೆ ಯಂತ್ರ ಒಂದೇ ಇದ್ದರೂ, ಒಬ್ಬೊಬ್ಬರಿಗೆ ಒಂದೊಂದು ಚಿಪ್ಪಿನ ಕಾರ್ಡು. ಅದನ್ನು ತೂರಿಸಿದಾಗ ಯಂತ್ರ ಅವರದಾಗುತ್ತಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಆ ಯೋಚನೆಗೆ ಮುಪ್ಪಿಲ್ಲ. ಶಾಲೆಯ ಒಂದೊಂದು ಡೆಸ್ಕ್‌ಟಾಪಿನಲ್ಲಿಯೂ ಹತ್ತು ಮಕ್ಕಳಿಗೆ ಹತ್ತು ಖಾತೆಗಳನ್ನು ತೆರೆದು, ಕಿಸೆಯಲ್ಲಿ ಒಂದೊಂದು ಪೆನ್‌ಡ್ರೈವನ್ನು ಕೊಟ್ಟರೆ, ಇನ್ನೂರು ಮುನ್ನೂರು ರೂಪಾಯಿಯ ಖರ್ಚಿನಲ್ಲಿ ಮಗುವಿಗೆ ತನ್ನದೆಂಬ ಗಣಕ ದೊರೆತಂತೆಯೇ.

ಇನ್ನೊಂದು ಲೌಕಿಕದ ಮಾತು. ಆಂಧ್ರಪ್ರದೇಶದ ಎಂಜಿನಿಯರಿಂಗ್ ಮುಂತಾದ ಪ್ರವೇಶ ಪರೀಕ್ಷೆಯು ೨೦೧೭ರಿಂದ ಕಂಪ್ಯೂಟರಿನ ಮೇಲೆಯೇ ನಡೆಯುತ್ತಿದೆ. ಪರೀಕ್ಷಾಕೇಂದ್ರದಲ್ಲಿ ಎದುರಿಗೆ ಪರದೆ, ಕೈಯಲ್ಲಿ ಮೌಸು. ಬೆರಳಿನಿಂದ ಮೊಬೈಲನ್ನು ತೀಡಿಯೇ ಬೆಳೆದ ಹುಡುಗನಿಗೆ ಮೌಸು ಮೊದಲ ಸಲ ಅಲ್ಲಿಯೇ ಸಿಕ್ಕರೆ, ತಿಳಿದ ಉತ್ತರಕ್ಕೂ ಕೈ ತಡವರಿಸೀತು. ನಮ್ಮ ಶಾಲೆಯ ಮಕ್ಕಳಿಗೆ ಆ ಗತಿ ಬರಬಾರದು.

ಹಾಗಾದರೆ ನಾವು ಹೇಳುವುದೇನು? ಹತ್ತನೆಯ ತರಗತಿಯವರೆಗೆ ಓದುವ ಮಗುವಿಗೆ ಸ್ವಂತದ ಲ್ಯಾಪ್‌ಟಾಪನ್ನು ಕೊಳ್ಳುವುದಕ್ಕಾಗಿ ಯಾವ ತಾಯಿಯೂ ಒಡವೆಯನ್ನು ಒತ್ತೆಯಿಡಬೇಕಾದುದಿಲ್ಲ. ಆ ವಯಸ್ಸಿಗೆ ಶಾಲೆಯ ಮೇಜಿನ ಯಂತ್ರ ಸಾಕು. ಮೇಲಾಗಿ ಅದೇ ಉತ್ತಮ. ಕಾಲೇಜಿಗೆ ಹೊರಟಾಗ ಲ್ಯಾಪ್‌ಟಾಪೇ ಸರಿ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುವವರಿಗೆ, ಪ್ರೋಗ್ರಾಂ ಬರೆಯಲು ಮೊದಲಿಡುವವರಿಗೆ ಅದು ಡೆಸ್ಕ್‌ಟಾಪಿನ ಸ್ಥಾನವನ್ನು ಪೂರ್ತಿ ತುಂಬುತ್ತದೆ. ೮ ಜಿಬಿಗೆ ಕಡಮೆಯಿಲ್ಲದ ರ‍್ಯಾಮ್, ಸಾಧ್ಯವಾದರೆ ೧೬, ಹಾಗೂ ಎಸ್‌ಎಸ್‌ಡಿ ಇರತಕ್ಕುದನ್ನು ಆರಿಸಬೇಕು. ಕಟ್ಟಡಗಳ ನಕ್ಷೆ ಬರೆಯುವ, ಚಲನಚಿತ್ರವನ್ನು ಜೋಡಿಸುವ, ಲಗ್ನಪತ್ರಿಕೆ ಅಚ್ಚುಮಾಡುವ ಕಸುಬಿಗೆ ಇಳಿಯುವವರು ಮಾತ್ರ ಮೇಜಿನ ಯಂತ್ರವನ್ನು ಬಿಟ್ಟು ಸುಖಪಡಲಾರರು.

ಹಣ ಸಾಲದವರು ಕಚೇರಿಗಳಿಂದ ಬಂದ ಹಳೆಯ ಡೆಸ್ಕ್‌ಟಾಪನ್ನು ಹತ್ತು ಹದಿನೈದು ಸಾವಿರಕ್ಕೆ ಕೊಳ್ಳಬಹುದು; ಬಳಸಿದ ಲ್ಯಾಪ್‌ಟಾಪಿಗಿಂತ ಅದರಲ್ಲಿ ಮೋಸ ಕಡಮೆ, ಏಕೆಂದರೆ ಸತ್ತ ಬ್ಯಾಟರಿಯ ಗೋಳಿಲ್ಲ. ಒಂದು ಎಚ್ಚರಿಕೆ: ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಯಿತು. ತೀರ ಹಳೆಯ ಯಂತ್ರಗಳು ವಿಂಡೋಸ್ ೧೧ನ್ನು ಸ್ವೀಕರಿಸವು. ಅಂಥವಕ್ಕೆ ಲಿನಕ್ಸನ್ನು ಹಾಕಿದರೆ ಇನ್ನೂ ಕೆಲವು ವರ್ಷ ನಡೆದಾವು, ಕನ್ನಡವೂ ಅದರಲ್ಲಿ ಚೆನ್ನಾಗಿಯೇ ಬರುತ್ತದೆ.

ಸಂಘದ ಪದಾಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹ. ಬಹುಮಾನದ ಲ್ಯಾಪ್‌ಟಾಪುಗಳ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ಆ ಹಣದಲ್ಲಿ ಮೇಜಿನ ಯಂತ್ರಗಳನ್ನೂ ಅವಕ್ಕೆ ಯುಪಿಎಸ್‌ಗಳನ್ನೂ ಕೊಳ್ಳಿರಿ. ಪ್ರೊಜೆಕ್ಟರಿನೊಡನೆ ಉಪಾಧ್ಯಾಯರ ಕೈಗೆ ಒಂದು ಲ್ಯಾಪ್‌ಟಾಪನ್ನು ಕೊಡಿರಿ. ಕೊಠಡಿಗೆ ಉತ್ತರದ ಕಡೆ ಕಿಟಕಿ ಇರಲಿ, ಧೂಳು ತಡೆಯಲು ಪರದೆ ಇರಲಿ. ಶಾಲೆ ಬಿಟ್ಟ ಮೇಲೆ ಸಂಜೆ ಎರಡು ಗಂಟೆ ಅದನ್ನು ತೆರೆದಿಡುವ ಏರ್ಪಾಡಾಗಲಿ. ವಾರದಲ್ಲಿ ಮೂರು ಸಂಜೆ ಹುಡುಗಿಯರಿಗೇ ಮೀಸಲಾಗಿರಲಿ, ಮತ್ತು ಅವರು ಹೊತ್ತು ಮುಳುಗುವ ಮುನ್ನ ಮನೆ ಸೇರುವಂತೆ ವೇಳೆಯನ್ನು ಗೊತ್ತುಪಡಿಸಲಿ. ಬೀಗದ ಕೈ ಒಬ್ಬರ ಕಿಸೆಯಲ್ಲಿಯೇ ಉಳಿದು, ಅವರು ಊರಿಗೆ ಹೋದಾಗ ಕೊಠಡಿಯೂ ಮುಚ್ಚುವಂತಾಗದಿರಲು, ಇಬ್ಬರು ಉಪಾಧ್ಯಾಯರ ಬಳಿ ಒಂದೊಂದು ಕೈ ಇರಲಿ.